ನೂರ ಹದಿನೆಂಟನೆಯ ಹನಿ

ಒಂದಾನೊಂದು ಕಾಲದಲ್ಲಿ, ಅಂದರೆ ನಮ್ಮ ನಿಮ್ಮ ಕಾಲದಲ್ಲೇ, ಗಂಗೆ ಸಮುದ್ರ ಸೇರುವ ಮುಂಚೆ ಮೈಯಗಲಿಸಿ ಒಂದಿಷ್ಟು ದಣಿವಾರಿಸಿಕೊಳ್ಳುವ ಜಾಗದಲ್ಲಿ ಒಂದು ದೊಡ್ಡ ಪಟ್ಟಣವಿತ್ತು. ಪಟ್ಟಣದ ಪೂರ್ವದಂಚಿನ ಜೌಗನ್ನು ತುಂಬಿಸಿ ಗಾಜಿನ ಅರಮನೆಗಳನ್ನು ಕಟ್ಟುತ್ತಿದ್ದರು. ಆ ಅರಮನೆಗಳಲ್ಲಿ ಸಾವಿರಾರು ರಾಜಕುಮಾರ ರಾಜಕುಮಾರಿಯರು ಕೊರಳಿಗೆ ಫೋಟೋ ಬಿಲ್ಲೆ ನೇತುಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದರು. ಅಲ್ಲಿಂದ ದೂರ, ಗರಿಯಾಹಾಟ್ ಎಂಬ ನಾಲ್ಕು ದಾರಿ ಕೂಡುವ ಕಡೆ, ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹಾಳೆಯ ಸೂರಿನಡಿ ನೂರ ಹದಿನೆಂಟು ಅಂಗಡಿಗಳಿದ್ದವು. ಆ ನೂರ ಹದಿನೆಂಟು ಅಂಗಡಿಯವರಿಂದಲೂ ಒಂದೊಂದು ಹನಿ ರಕ್ತ ತೆಗೆದೇ ತೀರುತ್ತೇನೆಂದು ಒಬ್ಬಳು ಹುಡುಗಿ ಮಾತು ಕೊಟ್ಟಿದ್ದಳು.

ರಾಕ್ಷಸಿಯಲ್ಲ, ಹೆದರಬೇಡಿ. ಡಾಕ್ಟರು. ಅದೂ ಆಗಷ್ಟೇ ಓದು ಮುಗಿಸುತ್ತಿದ್ದ ಡಾಕ್ಟರು. ಹೆಸರು ಪ್ರಕೃತಿ.

ಪ್ರಕೃತಿಯ ಅಪ್ಪ ಅಶ್ವತ್ಥನಾರಾಯಣರು ಬಿಬಿಡಿ ಬಾಗಿನ ಬ್ಯಾಂಕೊಂದರಲ್ಲಿ ಅಧಿಕಾರಿ. ಹುಡುಗಿ ಹುಟ್ಟಿದ್ದು ಬೆಳೆದದ್ದು ಎಲ್ಲ ಕೋಲ್ಕತ್ತಾದಲ್ಲೇ. ಕನ್ನಡ ಕಿವಿಗೆ ಸಲೀಸು, ನಾಲಿಗೆಗೆ ಮಾತ್ರ ತುಸು ತೊಡಕು. ಮಾತು ಕೊಟ್ಟಿದ್ದು ಸುಭದ್ರಮ್ಮನವರಿಗೆ. ಎಪ್ಪತ್ತೆರಡು ದಾಟಿದ ಸುಭದ್ರಮ್ಮ ಬೆಂಗಳೂರಿನ ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯ ಮಗಳು. ಹತ್ತೊಂಬತ್ತಕ್ಕೆ ರೈಲ್ವೆಯವರನ್ನು ಮದುವೆಯಾಗಿ ಈ ಊರಿಗೆ ಬಂದವರು, ಸದರ್ನ್ ಅವೆನ್ಯೂದ ಒಂದು ಮನೆಯಲ್ಲೇ ಉಳಿದುಬಿಟ್ಟರು. ಅವರ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ತಿಳಿಯುವ ಹೊತ್ತಿಗೆ ಒಂದು ಕಾಲು ಹೋಗಿತ್ತು. ವರ್ಷ ತುಂಬುವುದರೊಳಗೆ ಅವರೇ ಹೋದರು. ಅಂದಿನಿಂದ ಸುಭದ್ರಮ್ಮ ತಮ್ಮದೆಂದು ಇದ್ದದ್ದನ್ನೆಲ್ಲ ಇದೇ ಕೆಲಸಕ್ಕೆ ಸುರಿಯುತ್ತ ಬಂದಿದ್ದರು. ಯಾರು ಕೇಳಲಿ, ರಕ್ತ ನೋಡುವ ಮೆಷಿನ್ನು, ಅದರ ಪಟ್ಟಿಗಳು, ಔಷಧಿ ಎಲ್ಲ ಕೊಡಿಸುತ್ತಿದ್ದರು. ಡಬ್ಬಿಯ ಮೇಲೆ ತಮ್ಮ ಹೆಸರು ಬರೆಸಲು ಮಾತ್ರ ಬಿಡುತ್ತಿರಲಿಲ್ಲ.

ಗರಿಯಾಹಾಟಿನ ಫುಟ್‌ಪಾತಿನವರಿಗೆಂದು ಪ್ರಕೃತಿ ನಾಲ್ಕು ಮೆಷಿನ್ನು ಕೇಳಿದಾಗ ಅವರು ಒಂದೇ ಕರಾರು ಹಾಕಿದ್ದರು.

"ಕೊಡ್ತೀನಿ ಕಣೆ. ಆದ್ರೆ ಈ ತುದಿಯಿಂದ ಆ ತುದಿವರ್ಗೂ ಒಬ್ಬರನ್ನೂ ಬಿಡ್ಕೂಡದು. ನಮ್ಮನೆಯವರೂ ಹಾಗೇ ಬಿಟ್ಟುಹೋದೋರು. ಆಫೀಸಲ್ಲಿ ಎಲ್ರಿಗೂ ನೋಡಿದ್ರಂತೆ, ಇವರು ಅವತ್ತು ರಜ. ನೀನು ಕಾಲೇಜಿಂದ ಡಾಕ್ಟರಾಗಿ ಈಚೆ ಬರೋದ್ರೊಳಗೆ ಮುಗಿಸ್ತೀಯಾ?"

"ಪಕ್ಕಾ ಅಜ್ಜಿ. ಪ್ರಾಮಿಸ್," ಎಂದಿದ್ದಳು ಪ್ರಕೃತಿ.

ಎಂಟು ತಿಂಗಳು ಅವಳಿಗೆ ಬೇರೆ ಲೋಕವಿರಲಿಲ್ಲ. ಬಳೆಯವರು, ಚಮಚದವರು, ದಿಂಬಿನ ಚೀಲದವರು, ಹಲ್ಲುಜ್ಜುವ ಬ್ರಷ್ಷಿನವರು, ಎಲ್ಲರ ಬೆರಳ ತುದಿಗೂ ಸೂಜಿ ಚುಚ್ಚಿದಳು. ನೂರ ಹದಿನೇಳು ಜನ. ಅವರಲ್ಲಿ ಮೂವತ್ತೊಂದು ಜನಕ್ಕೆ ಸಕ್ಕರೆ ಇತ್ತು, ಗೊತ್ತೇ ಇರಲಿಲ್ಲ. ಮೂವತ್ತೊಂದು ಜನರನ್ನೂ ಬೆನ್ನು ಹತ್ತಿ ತನ್ನ ಆಸ್ಪತ್ರೆಯ ಔಟ್‌ಡೋರಿಗೆ, ಅಂದರೆ ಹೊರರೋಗಿ ವಿಭಾಗಕ್ಕೆ, ಕರೆತಂದು ಚೀಟಿ ಬರೆಸಿದಳು.

ಉಳಿದದ್ದು ಒಬ್ಬ. ತಾಂತ್, ಅಂದರೆ ಬಂಗಾಳದ ಕೈಮಗ್ಗದ ಹತ್ತಿ ಸೀರೆ ಮಾರುವ ಶ್ಯಾಮಸುಂದರ ದಾ, ಎಂದರೆ ಶ್ಯಾಮಸುಂದರಣ್ಣ.

ಬರುಯಿಪುರದಿಂದ ಲೋಕಲ್ ರೈಲು ಹಿಡಿದು ಬರುವ, ನವೆಂಬರ್ ಬಂತೆಂದರೆ ಕೊರಳಿಗೆ ಮಫ್ಲರ್ ಸುತ್ತುವ, ಮಿತಭಾಷಿ ಮನುಷ್ಯ. ಬಲಗಾಲಿನ ಪಾದಕ್ಕೆ ಸೀರೆಯ ಅಂಚಿನ ಪಟ್ಟಿ ಕಟ್ಟಿಕೊಂಡಿರುತ್ತಿದ್ದ. ಅದನ್ನು ಪ್ರಕೃತಿ ದುರ್ಗಾಪೂಜೆಗೂ ಮುಂಚಿನಿಂದ ನೋಡುತ್ತಿದ್ದಳು. ಎರಡು ತಿಂಗಳಾದರೂ ಮಾಯದ ಗಾಯ. ಅದು ಏನನ್ನು ಹೇಳುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪರೀಕ್ಷೆ ಖಾಲಿ ಹೊಟ್ಟೆಯಲ್ಲಿ ಆಗಬೇಕೆಂದು ಬೆಳಿಗ್ಗೆ ಆತ ಗಂಟು ಬಿಚ್ಚುತ್ತಿದ್ದಂತೆಯೇ ಹೋಗಿ ಮುಂದೆ ನಿಲ್ಲುತ್ತಿದ್ದಳು. ಆತ ತಲೆಯೆತ್ತದೆ, "ಪೋರೆ, ದೀದಿಮೊಣಿ, ಪೋರೆ," ಎನ್ನುತ್ತಿದ್ದ. ಆಮೇಲೆ, ತಾಯಿ, ಆಮೇಲೆ. ಅವಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಆಮೇಲೆ ಹೋದರೆ ಚಹಾ ಕುಡಿದು, ಕಚೂರಿ ತಿಂದು, ಬಾಯಿ ಒರೆಸಿಕೊಳ್ಳುತ್ತಿರುತ್ತಿದ್ದ. ಹೀಗೆ ಹನ್ನೊಂದು ಸಲ. ಸೂಜಿಗೆ ಹೆದರುತ್ತಾನೆಂದುಕೊಂಡು ತನ್ನ ಬೆರಳಿಗೇ ಚುಚ್ಚಿ ತೋರಿಸಿದಳು. ದುಡ್ಡು ಕೇಳುತ್ತಾರೆಂಬ ಅನುಮಾನವೇನೋ ಎಂದು ಪುಕ್ಕಟೆ, ಪುಕ್ಕಟೆ ಎಂದು ಸಾರಿದಳು. ಕೊನೆಗೆ ಅಳುವುದೊಂದು ಬಾಕಿಯಿತ್ತು.

ಅಷ್ಟರಲ್ಲಿ ಕನ್ನಡ ಸಂಘದ ಸನ್ಮಾನದ ದಿನ ಬಂದೇಬಿಟ್ಟಿತು.

ಆರೋಗ್ಯಕ್ಕೂ ಊರಿಗೂ ದುಡಿದ ಒಬ್ಬ ದಾನಿಗೆ ಮತ್ತು ಓದು ಮುಗಿಸಿ ಹೊರಬರುವ ಒಬ್ಬ ವಿದ್ಯಾರ್ಥಿಗೆ ಸಂಘ ಪ್ರತಿವರ್ಷ ಒಟ್ಟಿಗೇ ಸನ್ಮಾನ ಮಾಡುತ್ತಿತ್ತು. ಈ ಸಲ ದಾನಿ ಸುಭದ್ರಮ್ಮ, ವಿದ್ಯಾರ್ಥಿ ಪ್ರಕೃತಿ. ಸದರ್ನ್ ಅವೆನ್ಯೂದಲ್ಲಿ, ಸರೋವರದ ಹತ್ತಿರದ ಸಭಾಂಗಣ. ಹನ್ನೊಂದಕ್ಕೆ ಮದುವೆಯವರಿಗೆ ಬಿಟ್ಟುಕೊಡಬೇಕಿದ್ದರಿಂದ ಎಂಟೂವರೆಗೆ ಉಪ್ಪಿಟ್ಟು ಕೇಸರಿಬಾತು, ಒಂಬತ್ತಕ್ಕೆ ದೀಪ.

ಉಪ್ಪಿಟ್ಟಿನ ತಟ್ಟೆಯನ್ನು ಮುಟ್ಟದೆಯೇ ಪ್ರಕೃತಿ ಸಂಘದ ಕಾರ್ಯದರ್ಶಿ ಶಂಕರಲಿಂಗರ ಹತ್ತಿರ ಹೋದಳು. ಶಂಕರಲಿಂಗರು ಧಾರವಾಡದ ಕಡೆಯವರು, ಮೂವತ್ತು ವರ್ಷ ಕೋಲ್ಕತ್ತಾದ ಮೀನಿನ ವಾಸನೆಯ ನಡುವೆ ಇದ್ದೂ ತಮ್ಮ ಮಾತಿಗೆ ಒಂದಿಷ್ಟೂ ಅದನ್ನು ಅಂಟಿಸಿಕೊಳ್ಳದವರು.

"ಅಂಕಲ್, ಸನ್ಮಾನ ಪತ್ರದಲ್ಲಿ ಏನು ಬರೆದಿದ್ದೀರಿ? ನಾನು... ಮೇರಾ ಮತ್ಲಬ್, ಒಬ್ಬರು ಬಾಕಿ ಇದ್ದಾರೆ."

"ಏನ್ ಬರೀತಾರವಾ? 'ನೂರಾ ಹದಿನೆಂಟು ಜನರಲ್ಲಿ ಒಬ್ಬರನ್ನೂ ಬಿಡದೆ' ಅಂತ ಬರದೇನಿ. ಅಚ್ಚ ಆಗೇತಿ, ಕಟ್ಟ ಹಾಕಿಸಿ ಗಾಜೂ ಕೂಡ್ಸೇನಿ. ಒಬ್ಬನ ಸಲುವಾಗಿ ಗಾಜ ಒಡೀಲೇನ ಈಗ?"

"ಆದ್ರೆ ಅದು ಸುಳ್ಳಾಗುತ್ತೆ."

"ಏ ಹುಚ್ಚಿ, ನೂರಾ ಹದಿನೇಳ ಅಂದ್ರ ನೂರಾ ಹದಿನೆಂಟ ಇದ್ದಂಗ. ಹೋಗು, ಕೇಸರಿಬಾತ ತಿನ್ನು. ನಮ್ಮ ಮನ್ಯಾಕಿ ರಾಜಲಕ್ಷ್ಮಿ ಮಾಡ್ಯಾಳ, ಬಿಟ್ಟರ ನನ್ನ ಮ್ಯಾಲ ಬರ್ತಾಳ."

ಪ್ರಕೃತಿ ತಿನ್ನಲಿಲ್ಲ. ವೇದಿಕೆ ಹತ್ತಿದಳು. ಮೊದಲು ಸುಭದ್ರಮ್ಮನವರಿಗೆ ಜರಿಯ ಪೇಟ ಇಟ್ಟರು, ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಪೇಟದೊಳಗೆ ಅವರ ಮುಖ ಚಿಕ್ಕದಾಗಿ, ಪಟ್ಟಕ್ಕೆ ಬಂದ ಹೊಸ ರಾಜನ ಮುಖದಂತೆ ಕಾಣುತ್ತಿತ್ತು. ಆಮೇಲೆ ಶಂಕರಲಿಂಗರು ಗಂಟಲು ಸರಿಮಾಡಿಕೊಂಡು ಎರಡನೆಯ ಪತ್ರವನ್ನು ಓದತೊಡಗಿದರು. "ಒಬ್ಬರನ್ನೂ ಬಿಡದೆ" ಎನ್ನುವಲ್ಲಿಗೆ ಬಂದಾಗ ಸಭೆ ಚಪ್ಪಾಳೆ ತಟ್ಟಿತು. ಪ್ರಕೃತಿಗೆ ಕೂರಲಾಗಲಿಲ್ಲ. ಎದ್ದುಹೋಗಿ ಮೈಕಿಗೆ ಕೈಹಾಕಿದಳು.

"ಕ್ಷಮಿಸಿ. ನನ್ನ ಕನ್ನಡ ಅಷ್ಟು... ಚೆನ್ನಾಗಿಲ್ಲ. ಬಟ್ ಇದು ನಿಜ ಅಲ್ಲ. ಒಬ್ಬರು ಬಿಟ್ಟುಹೋಗಿದ್ದಾರೆ. ಅವರ ಕಾಲಲ್ಲಿ ಗಾಯ ಇದೆ. ನಾನು ಹನ್ನೊಂದು ಸಲ ಹೋದೆ, ಅವರು ಮಾನ್ತಾನೇ ಇಲ್ಲ, ಒಪ್ತಾನೇ ಇಲ್ಲ. ಅಜ್ಜಿಗೆ ನಾನು ಪ್ರಾಮಿಸ್ ಮಾಡಿದ್ದೆ. ಶಾಲು ತಗೊಳ್ಳೋದಕ್ಕೆ ನನಗೆ ಹಕ್ಕಿಲ್ಲ."

ಮುಂದಿನ ಸಾಲಿನಲ್ಲಿ ಅಶ್ವತ್ಥನಾರಾಯಣರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆಗ ಪೇಟದ ಕೆಳಗಿನಿಂದ ಸುಭದ್ರಮ್ಮನವರ ದನಿ ಬಂತು.

"ಏನು ಮಾರ್ತಾನೆ ಅವನು?"

"ಸೀರೆ, ಅಜ್ಜಿ."

"ನೀನು ಎಷ್ಟು ಹೊತ್ತಿಗೆ ಹೋಗ್ತಿದ್ದೆ?"

"ಅಂಗಡಿ ತೆಗೀತಿದ್ದ ಹಾಗೆ. ಖಾಲಿ ಹೊಟ್ಟೆ ಬೇಕಲ್ಲ?"

"ಅಷ್ಟೊತ್ತಿಗೆ ಅವನು ಒಂದು ಸೀರೆನಾದ್ರೂ ಮಾರಿರ್ತಿದ್ನಾ?"

"ಇಲ್ಲ... ಆಗ ಯಾರು ಬರ್ತಾರೆ?"

ಸುಭದ್ರಮ್ಮ ನಗಲು ಶುರುಮಾಡಿದರು. ನಗುವಿನ ರಭಸಕ್ಕೆ ಪೇಟ ಹುಬ್ಬಿನ ಮೇಲೆ ಜಾರಿತು. "ಅಯ್ಯೋ ನನ್ನ ಬಂಗಾರಿ! ಐದೂವರೆ ವರ್ಷ ಏನು ಓದಿದ್ಯೆ? ಬೋಣಿ ಆಗೋಕ್ ಮುಂಚೆ ಯಾವ ವ್ಯಾಪಾರಿ ತಾನೆ ಏನನ್ನಾದ್ರೂ ಆಚೆ ಕೊಡ್ತಾನೆ? ನಮ್ಮಪ್ಪ ಚಿಕ್ಕಪೇಟೇಲಿ ಅಂಗಡಿ ತೆಗ್ದು ಮೊದಲ್ನೇ ವ್ಯಾಪಾರ ಆಗೋವರ್ಗೂ ಒಂದು ಲೋಟ ನೀರು ಕೇಳಿದ್ರೂ ಆಮೇಲೆ ಅಂತಿದ್ರು. ತಾವೂ ಒಂದು ಗುಟುಕು ಕಾಫಿ ಕುಡೀತಿರ್ಲಿಲ್ಲ. ನೀನು ಹೋಗಿ ರಕ್ತ ಕೇಳಿದ್ದೀಯ, ರಕ್ತ!"

ಬೋಣಿ, ಅಂದರೆ ಬಂಗಾಳಿಗಳ ಬೌನಿ! ಗರಿಯಾಹಾಟಿನಲ್ಲಿ ಆ ಮಾತನ್ನು ಎಷ್ಟು ಸಲ ಕೇಳಿರಲಿಲ್ಲ ಪ್ರಕೃತಿ? ಅದು ಬರೀ ಕೊಳ್ಳುವ ಮಾರುವ ಮಾತೆಂದುಕೊಂಡಿದ್ದಳು, ಒಂದು ಹನಿ ರಕ್ತವೂ ಆ ಲೆಕ್ಕಕ್ಕೆ ಸೇರುತ್ತದೆಂದು ಹೊಳೆದೇ ಇರಲಿಲ್ಲ.

"ಆದ್ರೆ ಉಳಿದೋರೆಲ್ಲ ಕೊಟ್ಟರಲ್ಲ, ಅಜ್ಜಿ?"

"ಕಟ್ಟುನಿಟ್ಟಿನೋನು ನೂರಕ್ಕೊಬ್ಬ ಇರ್ತಾನಮ್ಮ."

"ಹಾಗಂತ ಅವರು ಹೇಳ್ಬಹುದಿತ್ತಲ್ಲ?"

"ಹೇಗೆ ಹೇಳ್ತಾನೆ? ಬೋಣಿ ಆಗಿಲ್ಲ ಅಂತ ಬಾಯ್ಬಿಟ್ಟು ಅಂದ್ರೆ ಆವತ್ತಿನ ವ್ಯಾಪಾರ ಕೈಕೊಟ್ಟ ಹಾಗೇ. ಈಗ ಗಂಟೆ ಎಷ್ಟು?"

ಹತ್ತಕ್ಕೆ ಐದು ನಿಮಿಷವಿತ್ತು. ಭಾನುವಾರ ಶ್ಯಾಮಸುಂದರ ದಾ ಗಂಟು ಬಿಚ್ಚುವುದು ಹತ್ತೂವರೆಗೆ.

"ನಡಿ ಹಾಗಾದ್ರೆ. ಬೋಣಿ ನಾನು ಮಾಡ್ತೀನಿ," ಎಂದು ಸುಭದ್ರಮ್ಮ ಎದ್ದೇಬಿಟ್ಟರು.

ಆ ದಿನ ಸದರ್ನ್ ಅವೆನ್ಯೂದಿಂದ ಗರಿಯಾಹಾಟಿನವರೆಗೆ ನಡೆದ ಮೆರವಣಿಗೆಯನ್ನು ನೋಡಿದವರು ಮರೆತಿರಲಾರರು. ಮುಂದೆ ಪೇಟ, ಶಾಲು, ಕ್ಯಾನ್ವಾಸ್ ಶೂಗಳ ಸುಭದ್ರಮ್ಮ. ಅವರ ಪಕ್ಕ, ಸದಾ ಜೊತೆಗಿರುತ್ತಿದ್ದ ಮೆಷಿನ್ನಿನ ಡಬ್ಬಿಯನ್ನು ಎದೆಗವುಚಿಕೊಂಡ ಪ್ರಕೃತಿ. ಹಿಂದೆ ಇನ್ನೊಂದು ಶಾಲು, ಇನ್ನೊಂದು ಪೇಟದ ತಟ್ಟೆ ಹಿಡಿದ ಶಂಕರಲಿಂಗರು, "ಹೊಚ್ಚದ ಶಾಲು ವಾಪಸ್ ಒಯ್ಯೂ ಪದ್ಧತಿ ನಮ್ಮ ಸಂಘದಾಗ ಇಲ್ಲ" ಎನ್ನುತ್ತ. ಅವರ ಹಿಂದೆ ರೇಷ್ಮೆ ಸೀರೆ, ಪಂಚೆ, ಸ್ವೆಟರುಗಳ ಐವತ್ತು ಅರವತ್ತು ಕನ್ನಡಿಗರು. ಆಟೋಗಳು ನಿಂತು ದಾರಿಬಿಟ್ಟವು. ಯಾವ ದೇವರ ಪೂಜೆ ಎಂದು ಒಬ್ಬ ಕೇಳಿದ. ಅಶ್ವತ್ಥನಾರಾಯಣರು ತಮ್ಮ ಬ್ಯಾಂಕಿನ ಬಂಗಾಳಿಯಲ್ಲಿ, "ಸಕ್ಕರೆ ಪೂಜೆ," ಎಂದರು.

ಶ್ಯಾಮಸುಂದರ ದಾ ಆಗತಾನೆ ಸೀರೆಗಳನ್ನು ಹಗ್ಗಕ್ಕೆ ಇಳಿಬಿಡುತ್ತಿದ್ದ. ಜನಸಾಗರ ನೋಡಿ ಅಂಗಡಿ ತೆರವು ಮಾಡಿಸಲು ಬಂದರೇನೋ ಎಂದು ಗಂಟು ಕಟ್ಟಲು ಬಾಗಿದ.

"ಕಟ್ಬೇಡಪ್ಪ, ಆ ಕೆಂಪಂಚಿನದು ಕೊಡು," ಎಂದರು ಸುಭದ್ರಮ್ಮ, ಐವತ್ತು ವರ್ಷ ಹಳೆಯ ಬಂಗಾಳಿಯಲ್ಲಿ. ಆತ ಬೆಲೆ ಹೇಳಿದ. ಅವರು ಚೀಲ ತೆಗೆದು ಅಷ್ಟನ್ನೂ ಚಾಚಿದರು.

ಆತ ಕೈ ಚಾಚಲಿಲ್ಲ. ಒಮ್ಮೆ ಅವರ ಮುಖ ನೋಡಿದ, ಒಮ್ಮೆ ಡಬ್ಬಿ ಹಿಡಿದ ಪ್ರಕೃತಿಯನ್ನು.

"ಮಾಶಿಮಾ, ಈ ದೀದಿಮೊಣಿ ನಿಮ್ಮನ್ನು ಕಳಿಸಿದ್ದಾರೆ. ಚೌಕಾಸಿ ಮಾಡದೆ ಗರಿಯಾಹಾಟಿನಲ್ಲಿ ಯಾರು ಸೀರೆ ಕೊಳ್ಳುತ್ತಾರೆ? ಇದು ಬೌನಿಯಲ್ಲ, ಭಿಕ್ಷೆ. ಇದರಿಂದ ದಿನ ಶುರುಮಾಡಿದರೆ ನನ್ನ ವ್ಯಾಪಾರ ಏಳುವುದಿಲ್ಲ."

ಸುಭದ್ರಮ್ಮನವರ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಇಷ್ಟು ವರ್ಷದಲ್ಲಿ ಅವರು ಕೊಟ್ಟದ್ದನ್ನು ಬೇಡವೆಂದವನು ಇವನೊಬ್ಬನೇ. ಅವರು ನಿಧಾನವಾಗಿ ದುಡ್ಡನ್ನು ಚೀಲಕ್ಕೆ ಹಾಕಿದರು. ಪೇಟವನ್ನು ಹಿಂದಕ್ಕೆ ತಳ್ಳಿದರು. ಎದುರಿನ ಮರದ ಮಣೆಯೆಳೆದು ಕೂತು, ಸೀರೆಯ ಸೆರಗನ್ನು ಬೆರಳಿನಲ್ಲಿ ತಿಕ್ಕಿದರು.

"ಇದಕ್ಕೆ ತಾಂತ್ ಅಂತೀಯಾ? ಒಂದು ಸಲ ಒಗೆದರೆ ಕರವಸ್ತ್ರ ಆಗುತ್ತೆ."

ಶ್ಯಾಮಸುಂದರನ ಕಣ್ಣು ಮೊದಲ ಬಾರಿಗೆ ಮಿನುಗಿತು. "ಮಾಶಿಮಾ, ಈ ಸೀರೆ ನಿಮ್ಮ ಮೊಮ್ಮಗಳ ಮಗಳೂ ಉಡುತ್ತಾಳೆ."

"ಅವಳು ಉಡೋದು ಜೀನ್ಸು. ಅರ್ಧಕ್ಕೆ ಕೊಡು."

"ಅರ್ಧಕ್ಕಾ! ನನ್ನ ನೇಕಾರ ಮಗ್ಗ ಮಾರಿ ಸನ್ಯಾಸಿಯಾಗುತ್ತಾನೆ."

"ಆಗಲಿ, ಅವನ ಹೆಂಡತಿಗೆ ನೆಮ್ಮದಿ."

ಬಳೆಯವಳು ಸುಭದ್ರಮ್ಮನವರ ಪರ, ಚಮಚದವನು ಆತನ ಪರ ನಿಂತರು. ಕನ್ನಡಿಗರಿಗೆ ಶಂಕರಲಿಂಗರು ಸಾಲು ಸಾಲಾಗಿ ಅನುವಾದ ಮಾಡುತ್ತಿದ್ದರು, ತಮ್ಮ ಕಡೆಯಿಂದ ಒಂದೆರಡು ಬೈಗುಳ ಸೇರಿಸಿ. ಇಬ್ಬರೂ ಇಂಚಿಂಚು ಸರಿದರು, ಕೊನೆಯಲ್ಲಿ ಒಂದು ಕಡೆ ಗಟ್ಟಿಯಾಗಿ ನಿಂತುಬಿಟ್ಟರು. ಸುಭದ್ರಮ್ಮ ಎದ್ದರು. ಶಾಲು ಕೊಡವಿದರು. ಬೆನ್ನು ತಿರುಗಿಸಿ ನಡೆದೇಬಿಟ್ಟರು. ಒಂದು ಹೆಜ್ಜೆ, ಎರಡು, ಮೂರು. ಪ್ರಕೃತಿ "ಅಜ್ಜಿ!" ಎನ್ನಲು ಬಾಯಿ ತೆರೆದಳು, ಅಪ್ಪ ಅವಳ ಕೈ ಹಿಡಿದು ಸುಮ್ಮನಿರಿಸಿದರು.

ನಾಲ್ಕನೆಯ ಹೆಜ್ಜೆಗೆ ಹಿಂದಿನಿಂದ ಕೂಗು ಬಂತು. "ಬನ್ನಿ ಮಾಶಿಮಾ, ತಗೊಳ್ಳಿ! ಬೆಳಗಿನ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದೆ ಅನ್ನಿಸಬೇಡಿ!"

ಫುಟ್‌ಪಾತಿಗೆ ಫುಟ್‌ಪಾತೇ ಹೋ ಎಂದಿತು. ಶ್ಯಾಮಸುಂದರ ದಾ ನೋಟುಗಳನ್ನು ಕಣ್ಣಿಗೊತ್ತಿಕೊಂಡ, ಗಣೇಶನ ಪಟಕ್ಕೆ ಮುಟ್ಟಿಸಿದ, ಸೀರೆಯನ್ನು ಎರಡು ಕೈಯಿಂದ ಎತ್ತಿಕೊಟ್ಟ. ಮರುಕ್ಷಣ ರೂಢಿಯಂತೆ ಆತನ ಕೈ ಚಹಾದವಳನ್ನು ಕರೆಯಲು ಮೇಲೆದ್ದಿತು. ಪ್ರಕೃತಿ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು.

"ಈಗ, ದಾದಾ. ಚಹಾಕ್ಕೆ ಮುಂಚೆ."

ಆತ ಅವಳನ್ನು ನೋಡಿದ. ನಕ್ಕ. ಎಂಟು ತಿಂಗಳಲ್ಲಿ ಆತನ ಹಲ್ಲು ಅವಳಿಗೆ ಕಂಡದ್ದು ಅಂದೇ. "ತಗೊಳ್ಳಿ ದೀದಿಮೊಣಿ. ಇನ್ನು ಹನಿಯಲ್ಲ, ಬಾಟಲಿ ಬೇಕಿದ್ದರೂ ತಗೊಳ್ಳಿ."

ಬೆರಳು ಒರೆಸಿದಳು. ಸೂಜಿ. ಹನಿ ಮೂಡಿತು, ಸೀರೆಯಂಚಿನ ಕೆಂಪೇ. ಮೆಷಿನ್ನು ಹಿಂದೆಣಿಕೆ ಶುರುಮಾಡಿತು. ಬಂಗಾಳಿಯಲ್ಲಿ, ಕನ್ನಡದಲ್ಲಿ, ಧಾರವಾಡದ ಕನ್ನಡದಲ್ಲಿ ಜನ ಜೊತೆಗೆ ಎಣಿಸಿದರು. ಐದು, ನಾಲ್ಕು, ಮೂರು, ಎರಡು, ಒಂದು.

ಇನ್ನೂರ ಎಂಬತ್ತಾರು.

"ಜಾಸ್ತಿಯಾ?" ಎಂದ ಶ್ಯಾಮಸುಂದರ ದಾ.

ಪ್ರಕೃತಿ ಕಲ್ಲಿನ ಮೇಲೆ ಮೊಣಕಾಲೂರಿ ಆತನ ಪಾದದ ಪಟ್ಟಿ ಬಿಚ್ಚಿದಳು. ಗಾಯ ಹಸಿಯಾಗಿತ್ತು, ಆದರೆ ಕಪ್ಪಾಗಿರಲಿಲ್ಲ. ಪಾದ ಬೆಚ್ಚಗಿತ್ತು. ಎರಡು ಬೆರಳಿಟ್ಟು ಹುಡುಕಿದಳು. ನಾಡಿ ಸಿಕ್ಕಿತು, ದೃಢವಾಗಿ, ಒಂದರ ಹಿಂದೊಂದು. ಅವಳ ಕಣ್ಣು ತುಂಬಿತು.

"ಜಾಸ್ತಿ, ದಾದಾ. ಆದರೆ ನಾವು ಹೊತ್ತಿಗೆ ಸರಿಯಾಗಿ ಬಂದಿದ್ದೇವೆ. ಈ ಕಾಲು ಉಳಿಯುತ್ತದೆ. ನಾಳೆ ಆಸ್ಪತ್ರೆಗೆ ಬನ್ನಿ, ಬಾಗಿಲಲ್ಲೇ ನಿಂತಿರುತ್ತೇನೆ."

"ಬೌನಿ ಆದಮೇಲೆ," ಎಂದ ಆತ.

"ಬೌನಿ ಆದಮೇಲೆ," ಎಂದು ಅವಳೂ ಒಪ್ಪಿದಳು.

ಸುಭದ್ರಮ್ಮ ಮಣೆಯ ಮೇಲೆ ಕೂತು, ಆತನ ಪಾದವನ್ನೇ ನೋಡುತ್ತಿದ್ದರು. ಶಂಕರಲಿಂಗರು ಕೇಳಲಿಲ್ಲ, ಕಾಯಲಿಲ್ಲ. ಮೊಣಕಾಲೂರಿದ್ದ ಹುಡುಗಿಯ ಹೆಗಲ ಮೇಲೆ ಶಾಲು ಬಿಡಿಸಿ ಹೊದಿಸಿದರು. ಅದು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದರಲ್ಲಿ ನೋಟ್‌ಬುಕ್ ತೆರೆದು, ಪ್ರಕೃತಿ ಕೊನೆಯ ಸಾಲಿನಲ್ಲಿ ಬರೆದಳು: ನೂರ ಹದಿನೆಂಟು, ಶ್ಯಾಮಸುಂದರ, ಸೀರೆ ಅಂಗಡಿ, ಖಾಲಿ ಹೊಟ್ಟೆ, ಇನ್ನೂರ ಎಂಬತ್ತಾರು.