ಎಡಗೊಂಬಿನ ತುದಿ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ, ಆಗಸ್ಟ್ ಹತ್ತೊಂಬತ್ತು. ಮುನ್ನೂರು ಗಜ ಆಚೆ, ಕಣಿವೆಯ ಎದುರು ದಡದ ಕಲ್ಲುಹಾಸಿನ ಮೇಲೆ ಬಿಳಿ ಟಗರು ಕಾಲು ಮಡಿಚಿ ಮಲಗಿತ್ತು. ಅರ್ಲೀನ್ ದುರ್ಬೀನಿನಲ್ಲಿ ಅದರ ಕೊಂಬಿನ ಗೆರೆಗಳನ್ನು ಮೂರನೇ ಸಲ ಎಣಿಸಿದಳು. ಏಳು.

"ಬೇಡ. ಇದು ಹೊಡೆಯೋ ಟಗರಲ್ಲ," ಎಂದಳು ಮೆಲ್ಲಗೆ.

ಪಕ್ಕದಲ್ಲಿ ಬೋರಲಾಗಿ ಮಲಗಿದ್ದ ವೆಂಡಲ್ ಕ್ರೌಸ್ ಬಂದೂಕಿನಿಂದ ಕೆನ್ನೆ ತೆಗೆಯಲಿಲ್ಲ. ಅವನು ಅವಳ ಗಂಡನ ತಂದೆ, ಎಪ್ಪತ್ತೊಂದು ವರ್ಷದವನು, ನೆಬ್ರಾಸ್ಕಾದಿಂದ ಬಂದಿದ್ದ.

"ನಿನ್ನೆ ಸಂಜೆ ಎಂಟು ಅಂದೋರು ಯಾರು? ನಮ್ಮಜ್ಜಿನಾ?"

"ನಾನೇ. ತಪ್ಪು ಎಣಿಸಿದ್ದೆ."

ಅಲಾಸ್ಕಾದ ಆ ಬೆಟ್ಟಗಳಲ್ಲಿ ಕಾಡು ಟಗರನ್ನು ಹೊಡೆಯಬೇಕಾದರೆ ಮೂರು ಲಕ್ಷಣಗಳಲ್ಲಿ ಒಂದು ಇರಲೇಬೇಕು. ಒಂದು ಕೊಂಬಾದರೂ ಪೂರ್ತಿ ಒಂದು ಸುತ್ತು ಬಂದಿರಬೇಕು. ಇಲ್ಲವೇ ಎರಡೂ ಕೊಂಬುಗಳ ತುದಿ ಮುರಿದಿರಬೇಕು. ಇಲ್ಲವೇ ಟಗರಿಗೆ ಎಂಟು ವರ್ಷ ಆಗಿರಬೇಕು. ಚಳಿಗಾಲದಲ್ಲಿ ಕೊಂಬು ಬೆಳೆಯುವುದು ನಿಂತು ಅಲ್ಲೊಂದು ಗೆರೆ ಬೀಳುತ್ತದೆ. ವಯಸ್ಸು ಗೊತ್ತಾಗುವುದು ಅದರಿಂದ. ಈ ಟಗರಿನ ಬಲಗೊಂಬಿನ ತುದಿ ಎಂದೋ ಮುರಿದು ಮೊಂಡಾಗಿತ್ತು. ಎಡಗೊಂಬಿನ ತುದಿ ಚೂಪಾಗಿಯೇ ಇತ್ತು, ಆದರೆ ಸುತ್ತು ಮುಗಿಯಲು ಇನ್ನೂ ಎರಡು ಬೆರಳು ಬಾಕಿ. ಹಾಗಾಗಿ ಎಲ್ಲವೂ ಗೆರೆಗಳ ಮೇಲೆ ನಿಂತಿತ್ತು.

ಹಿಂದಿನ ಸಂಜೆಯ ಓರೆ ಬೆಳಕಿನಲ್ಲಿ ಅವಳು ಲೆಕ್ಕಕ್ಕೆ ಸೇರಿಸಿದ್ದ ಒಂದು ಗೆರೆ ಈಗ ಬೇರೆಯೇ ಕಾಣುತ್ತಿತ್ತು. ಅದು ಕೊಂಬಿನ ಮುಂಭಾಗದಲ್ಲಿ ಮಾತ್ರ ಇತ್ತು, ಹಿಂದಕ್ಕೆ ಸುತ್ತಿ ಹೋಗಿರಲಿಲ್ಲ. ವರ್ಷದ ಗೆರೆಯಾಗಿದ್ದರೆ ಬಳೆಯ ಹಾಗೆ ಸುತ್ತಲೂ ಇರಬೇಕಿತ್ತು. ಇದನ್ನು ಅವಳು ವೆಂಡಲ್‌ಗೆ ಬಿಡಿಸಿ ಹೇಳಿದಳು. ಅವನು ದುರ್ಬೀನಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದ. ನಂತರ ಎಂಟು ಎಂದ. ಜೊತೆಯಲ್ಲಿ ಒಂದೊಂದೇ ಗೆರೆ ತೋರಿಸಿ ಎಣಿಸೋಣ ಎಂದಳು. ತಾನು ಒಂದನೇ ಕ್ಲಾಸಿನ ಹುಡುಗನಲ್ಲ ಎಂದು ಅವನು ದುರ್ಬೀನನ್ನು ಅವಳ ಕಡೆಗೆ ತಳ್ಳಿದ.

ಹೊರ ರಾಜ್ಯದವರು ಟಗರಿನ ಬೇಟೆಗೆ ತಾವಾಗಿಯೇ ಹೋಗುವಂತಿರಲಿಲ್ಲ. ಪರವಾನಗಿ ಪಡೆದ ಮಾರ್ಗದರ್ಶಿ ಬೇಕು, ಇಲ್ಲವೇ ಅಲ್ಲೇ ನೆಲೆಸಿದ ಹತ್ತಿರದ ಸಂಬಂಧಿ ಜೊತೆಗಿರಬೇಕು. ಬರಬೇಕಿದ್ದವನು ವೆಂಡಲ್‌ನ ಮಗ, ಅವಳ ಗಂಡ ರಸೆಲ್. ಉತ್ತರದ ಎಣ್ಣೆ ಬಾವಿಯಲ್ಲಿ ಅವನ ಬದಲಿಗೆ ಕೆಲಸಕ್ಕೆ ಬರಬೇಕಾದವನು ಕಾಯಿಲೆ ಬಿದ್ದ; ರಸೆಲ್‌ಗೆ ರಜೆ ಸಿಗಲಿಲ್ಲ. ಮುಂದಿನ ತಿಂಗಳು ವೆಂಡಲ್‌ನ ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಬೆಟ್ಟ ಹತ್ತುವುದು ಇದೇ ಕೊನೆ ಎಂದು ಡಾಕ್ಟರು ಹೇಳಿಯಾಗಿತ್ತು. ಹಾಗಾಗಿ ಅರ್ಲೀನ್ ಹೊರಟಳು. ಇಬ್ಬರಿಗೂ ಅದು ಇಷ್ಟವಿರಲಿಲ್ಲ.

ನಾಲ್ಕು ದಿನ ಒಂದೇ ಸಮನೆ ಮಳೆ ಸುರಿದು ಇಬ್ಬರೂ ಒಂದೇ ಡೇರೆಯಲ್ಲಿ ಕುಳಿತಿದ್ದರು. ಅವಳ ಕಾಫಿ ನೀರಿನಂತಿದೆ ಎಂದು ಅವನು ಅಂದಿದ್ದ. ಅವಳು ಕೊಟ್ಟ ಒಣ ಸಾಲ್ಮನ್ ಮೀನನ್ನು ಮೂಸಿ ವಾಪಸ್ಸು ಕೊಟ್ಟಿದ್ದ. ಅವಳ ತಾಯಿಯ ಕಡೆಯವರು ಆ ಬೆಟ್ಟದ ಬುಡದ ಮೂಲನಿವಾಸಿ ಆಟ್ನಾ ಜನ. ನಿಮ್ಮವರಿಗೆ ಕಾನೂನು ಯಾವಾಗ ನೆನಪಾಗೋಕೆ ಶುರುವಾಯ್ತು ಎಂದು ಅವನು ಎರಡು ಸಲ ಕೇಳಿದ್ದ. ಮೊದಲ ಸಲ ಅವಳು ಒಲೆಗೆ ನೀರಿಟ್ಟಳು. ಎರಡನೇ ಸಲ, ನಿಮ್ಮವರು ಬಂದು ಬರೆದುಕೊಟ್ಟ ದಿನದಿಂದ ಎಂದಿದ್ದಳು.

"ನಂಗೆ ಸಿಗಬಾರದು ಅಂತ ನಿನ್ನ ಹೊಟ್ಟೆಕಿಚ್ಚು," ಎಂದ ವೆಂಡಲ್ ಈಗ. "ರಸೆಲ್ ಇದ್ದಿದ್ರೆ ಈ ಹೊತ್ತಿಗೆ ಚರ್ಮ ಸುಲೀತಿದ್ವಿ."

"ರಸೆಲ್ ಇದ್ರೂ ಏಳೇ ಇರ್ತಿತ್ತು."

"ಒಂದು ಗೆರೆ. ಒಂದೇ ಒಂದು ಗೆರೆಗೆ ಇಷ್ಟು ರಂಪ."

"ಒಂದು ಗೆರೆಗೆ ನನ್ನ ಬೇಟೆ ಪರವಾನಗಿ ಹೋಗುತ್ತೆ, ವೆಂಡಲ್. ಜೊತೆಗಿರೋಳು ಅಂತ ಕಾಗದದಲ್ಲಿ ನನ್ನ ಹೆಸರಿದೆ. ಮೂಸ್ ಸಿಗದಿದ್ರೆ ಚಳಿಗಾಲದಲ್ಲಿ ಮಕ್ಕಳಿಗೆ, ಅಮ್ಮನಿಗೆ ಏನು ಬೇಯಿಸಲಿ? ನೀವು ವಿಮಾನ ಹತ್ತಿ ಹೋಗ್ತೀರಿ."

ಅದು ಉತ್ಪ್ರೇಕ್ಷೆಯಾಗಿರಲಿಲ್ಲ. ಮನೆಯಲ್ಲಿ ಐದು ಜನ. ಸೆಪ್ಟೆಂಬರಿನಲ್ಲಿ ಅವಳು ಹೊಡೆಯುವ ಮೂಸ್ ಎಂಬ ಒಂದು ದೈತ್ಯ ಕಡವೆಯ ಮಾಂಸವೇ ಏಪ್ರಿಲ್‌ವರೆಗೆ ಅವರ ಊಟ. ರಸೆಲ್ ವರ್ಷದ ಅರ್ಧ ಭಾಗ ಊರಲ್ಲೇ ಇರುವುದಿಲ್ಲ. ಬೇಟೆ ಅವಳದೇ ಕೆಲಸ.

ವೆಂಡಲ್ ಮತ್ತೆ ಬಂದೂಕಿಗೆ ಕೆನ್ನೆ ಇಟ್ಟ. ಟಗರು ಎದ್ದು ನಿಂತು ಮೈ ಕೊಡವಿತು, ತಲೆಯನ್ನು ಅಡ್ಡ ತಿರುಗಿಸಿತು. ಅರ್ಲೀನ್ ಎಡಗೊಂಬನ್ನು ಮತ್ತೊಮ್ಮೆ ಸ್ಪಷ್ಟವಾಗಿ ನೋಡಿದಳು. "ಏಳು. ಬಂದೂಕು ಕೆಳಗಿಡಿ," ಎಂದು ಮುಗಿಸುವ ಮೊದಲೇ ಗುಂಡು ಹಾರಿತು. ಟಗರು ಮುಂಗಾಲು ಮಡಿಚಿ ಬಿದ್ದು ಕಲ್ಲಿನ ಮೇಲೆ ಸ್ವಲ್ಪ ದೂರ ಜಾರಿ ನಿಂತಿತು.

ಕಣಿವೆ ಇಳಿದು ಆಚೆ ದಡ ಹತ್ತಲು ಒಂದೂವರೆ ಗಂಟೆ ಹಿಡಿಯಿತು. ದಾರಿಯಲ್ಲಿ ವೆಂಡಲ್ ಎರಡು ಸಲ ಕಾಲು ಜಾರಿ ಬಿದ್ದ. ಅವಳು ಕೈ ಚಾಚಿದಳು. ಅವನು ಹಿಡಿಯಲಿಲ್ಲ.

ಟಗರಿನ ಬಳಿ ಮೊದಲು ಕುಳಿತವನು ಅವನೇ. ಎಡಗೊಂಬಿನ ತುದಿಯಿಂದ ಶುರುಮಾಡಿ ಹೆಬ್ಬೆರಳಿನ ಉಗುರನ್ನು ಗೆರೆಯಿಂದ ಗೆರೆಗೆ ಎಳೆಯುತ್ತ ಬಂದ. ಬುಡ ಮುಟ್ಟಿದ ಮೇಲೆ ಮತ್ತೆ ತುದಿಗೆ ಹೋಗಿ ಶುರುಮಾಡಿದ. ಮೂರನೇ ಸಲ ಎಣಿಸಲಿಲ್ಲ. ಅರ್ಲೀನ್ ತಾನೂ ಎಣಿಸಿದಳು. ಸಂದೇಹಕ್ಕೆ ಕಾರಣವಾಗಿದ್ದ ಗೆರೆ ಕೈಗೆ ಸಿಕ್ಕಾಗ ಬರೀ ಒಂದು ಗೀರು.

"ಎಷ್ಟು?" ಎಂದು ಕೇಳಿದಳು.

"ನಿಂಗೆ ಗೊತ್ತಲ್ಲ."

"ನಿಮ್ಮ ಬಾಯಲ್ಲಿ ಕೇಳಬೇಕು."

ಅವನು ಮುಂದಕ್ಕೆ ಬಾಗಿದ. ಬಲಗೊಂಬಿನ ಮೊಂಡು ತುದಿಯನ್ನು ಸವರಿದ, ಆಮೇಲೆ ಎಡಗೊಂಬಿನ ಚೂಪು ತುದಿಯನ್ನು. ಸುತ್ತಲೂ ನೋಡಿ ತೆಂಗಿನಕಾಯಿ ಗಾತ್ರದ ಒಂದು ಕಲ್ಲನ್ನು ಎತ್ತಿಕೊಂಡ.

"ಹಳ್ಳಕ್ಕೆ ಹೋಗಿ ನೀರು ತಗೊಂಡು ಬಾ," ಎಂದ.

ಬಾಟಲಿ ತುಂಬಾ ನೀರಿತ್ತು. ಅವನು ಮಾಡಹೊರಟಿದ್ದು ಅವಳಿಗೆ ಅರ್ಥವಾಯಿತು. ಬಲಗೊಂಬು ಮುರಿದೇ ಇದೆ. ಎಡಗೊಂಬಿನ ತುದಿಯೂ ಮುರಿದರೆ ವಯಸ್ಸಿನ ಪ್ರಶ್ನೆಯೇ ಬರುವುದಿಲ್ಲ. ಟಗರು ಕಾನೂನಿನ ಒಳಗೆ ಬಂದುಬಿಡುತ್ತದೆ. ಬೇಟೆಗಾರರ ನಡುವೆ ಈ ಕೆಲಸದ ಬಗ್ಗೆ ಮಾತಾಡುವವರಿದ್ದರು, ಮಾಡಿದೆ ಎನ್ನುವವರು ಮಾತ್ರ ಯಾರೂ ಇರಲಿಲ್ಲ.

ಅವಳು ಬೆನ್ನುಚೀಲ ಇಳಿಸಿ ಅವನ ಎದುರಿಗೇ ಕುಳಿತಳು.

"ನಾನೆಲ್ಲೂ ಹೋಗಲ್ಲ. ಒಡೀರಿ. ನೋಡ್ತೀನಿ."

"ಇದು ನಿನ್ನ ಒಳ್ಳೇದಕ್ಕೂನೂ. ನಿನ್ನ ಪರವಾನಗಿ, ನಿನ್ನ ಮೂಸ್, ಎಲ್ಲ ಉಳಿಯುತ್ತೆ. ಅಷ್ಟೂ ತಲೆ ಓಡಲ್ವಾ ನಿಂಗೆ?"

ಓಡಿತ್ತು. ಕಲ್ಲು ಅವನ ಕೈಗೆ ಬಂದಾಗಲೇ ಅವಳ ಮನಸ್ಸು ಆ ಲೆಕ್ಕ ಹಾಕಿಯಾಗಿತ್ತು. ಒಂದು ಏಟು ಸಾಕಿತ್ತು. ನೀರು ತರಲು ಹೋಗಿದ್ದೆ, ನೋಡಲಿಲ್ಲ ಎಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಅವಳು ಕುಳಿತಲ್ಲಿಂದ ಏಳಲಿಲ್ಲ.

"ಕಚೇರೀಲಿ ಕೇಳ್ತಾರೆ," ಎಂದಳು. "ಕೇಳಿದ್ರೆ ನೋಡಿದ್ದು ಹೇಳ್ತೀನಿ."

"ಗಂಡನ ಅಪ್ಪನ್ನ ಕೋರ್ಟು ಹತ್ತಿಸ್ತೀಯ."

"ಹತ್ತೋರು ನೀವು."

ವೆಂಡಲ್ ಆಗ ಆಡಿದ ಮಾತುಗಳಲ್ಲಿ ಅವಳ ಮದುವೆ, ಅವಳ ಬಣ್ಣ, ಅವಳ ಮಕ್ಕಳು ಎಲ್ಲವೂ ಬಂದವು. ಮಗನನ್ನು ಈ ಹಿಮದಲ್ಲಿ ಕಟ್ಟಿಹಾಕಿದವಳು ಎಂದ. ಮೊಮ್ಮಕ್ಕಳು ತನ್ನನ್ನು ಕಂಡರೆ ಬೆದರುವಂತೆ ಬೆಳೆಸಿದವಳು ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ವರ್ಷಕ್ಕೆ ಒಂದು ಸಲ ಫೋನ್ ಮಾಡಿ ರಸೆಲ್ ಇದ್ದಾನಾ ಎಂದಷ್ಟೇ ಕೇಳುವವನ ದನಿ ಮಕ್ಕಳಿಗೆ ಹೇಗೆ ಗೊತ್ತಿರಬೇಕು ಎಂದು ಕೇಳಿದಳು.

ವೆಂಡಲ್ ಕೊಂಬಿನ ತುದಿಯನ್ನು ಬಂಡೆಗೆ ಒತ್ತಿ ಹಿಡಿದು ಕಲ್ಲಿನಿಂದ ಹೊಡೆದ. ಕೊಂಬು ಮುರಿಯಲಿಲ್ಲ. ಎರಡನೇ ಏಟಿಗೂ ಮುರಿಯಲಿಲ್ಲ. ಮೂರನೇ ಏಟಿಗೆ ತುದಿಯಲ್ಲಿ ಒಂದಿಷ್ಟು ನಾರು ಎದ್ದು ಹಸಿ ಬಿಳುಪು ಕಾಣಿಸಿತು. ಪಕ್ಕದ ಬಲಗೊಂಬಿನ ಮುರಿದ ತುದಿ ವರ್ಷಗಟ್ಟಲೆ ಉಜ್ಜಿ ಕಪ್ಪಾಗಿ ನುಣುಪಾಗಿತ್ತು. ಎರಡನ್ನೂ ಒಟ್ಟಿಗೆ ನೋಡಿದವರಿಗೆ ವ್ಯತ್ಯಾಸ ಹೇಳಿಕೊಡಬೇಕಿರಲಿಲ್ಲ. ಅವನಿಗೆ ಏದುಸಿರು ಬರುತ್ತಿತ್ತು. ಕಲ್ಲು ಕೈಯಲ್ಲೇ ಇತ್ತು.

ಅರ್ಲೀನ್ ಚಾಕು ತೆಗೆದಳು. ಬಿಸಿಲು ಏರುತ್ತಿತ್ತು, ಮಾಂಸ ಕೆಡುವ ಮೊದಲು ಬಿಡಿಸಬೇಕಿತ್ತು. ಹಿಂಗಾಲಿನ ಬಳಿ ಚರ್ಮಕ್ಕೆ ಚಾಕು ಹಾಕಿ ಕೆಲಸ ಶುರುಮಾಡಿದಳು.

"ಹೇಗೂ ಎಲ್ಲಾ ಅವರೇ ಕಿತ್ತುಕೊಳ್ತಾರೆ," ಎಂದ ಅವನು ಸ್ವಲ್ಪ ಹೊತ್ತಿನ ಮೇಲೆ. "ಯಾರಿಗೋಸ್ಕರ ಕೊಯ್ತಾ ಇದ್ದೀಯ?"

"ಯಾರಾದ್ರೂ ತಿಂತಾರೆ. ಆ ಕಾಲು ಹಿಡ್ಕೊಳ್ಳಿ."

ಅವನು ಹಿಡಿಯಲಿಲ್ಲ. ಅವಳು ತನ್ನ ಮೊಣಕಾಲಿನಿಂದಲೇ ಅದನ್ನು ಒತ್ತಿಕೊಂಡು ಕೊಯ್ದಳು. ಒಂದು ತೊಡೆ ಬಿಡಿಸಿ ಬಟ್ಟೆಚೀಲಕ್ಕೆ ಹಾಕಿ, ಮುಂದಿನದಕ್ಕೆ ಕೈ ಹಾಕುವಾಗ ತಲೆ ಎತ್ತದೆ ಮಾತಾಡಿದಳು.

"ನಿನ್ನೆ ಎಂಟು ಅಂದೋಳು ನಾನೇ. ಅದನ್ನೂ ಬರೆದುಕೊಡ್ತೀನಿ."

ವೆಂಡಲ್ ಅವಳನ್ನೇ ನೋಡಿದ. "ಅದನ್ನ ಬರೆದ್ರೆ ನಿನ್ನ ಕುತ್ತಿಗೆಗೇ ಬರುತ್ತೆ. ನಾನು ಅದನ್ನ ಯಾರಿಗೂ ಹೇಳಬೇಕು ಅಂತಿರಲಿಲ್ಲ."

"ಬರಬಹುದು."

"ಮತ್ಯಾಕೆ?"

"ಅಂದಿದ್ದೆನಲ್ಲ, ಅದಕ್ಕೆ."

ಅವಳಿಗೆ ತನ್ನ ಮೇಲೆ ಹಗೆ ಎಂದು ಅವನು ಬೆಳಗಿನಿಂದ ನಂಬಿದ್ದ. ಆ ನಂಬಿಕೆಯಿಂದಲೇ ಟ್ರಿಗರ್ ಎಳೆದಿದ್ದ, ಕಲ್ಲು ಎತ್ತಿದ್ದ. ಹಗೆ ಇದ್ದದ್ದು ನಿಜ, ಅದನ್ನು ಅವಳು ಮುಚ್ಚಿಟ್ಟೂ ಇರಲಿಲ್ಲ. ಆದರೆ ಹಗೆಯಿಂದ ಗೆರೆ ಎಣಿಸುವವರು ತಮ್ಮ ತಪ್ಪನ್ನು ತಾವೇ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವನು ಕೊಂಬಿನ ಬಿಳಿ ಗಾಯವನ್ನು ಬೆರಳಿನಿಂದ ಒಮ್ಮೆ ಒರೆಸಿದ, ಅದು ಹೋಗಲಿಲ್ಲ. ಕಲ್ಲನ್ನು ಪಕ್ಕಕ್ಕೆ ಇಟ್ಟ.

"ಏಳು," ಎಂದ.

ಅವಳು ಕೊಯ್ಯುವುದನ್ನು ನಿಲ್ಲಿಸಲಿಲ್ಲ. ಅವನು ಜರುಗಿ ಬಂದು ಟಗರಿನ ಕಾಲು ಹಿಡಿದ.

ರಸ್ತೆ ಸೇರಲು ಎರಡು ದಿನ ಬೇಕಾಯಿತು. ಮಾಂಸದ ಹೆಚ್ಚಿನ ಭಾರ ಅವಳ ಬೆನ್ನ ಮೇಲಿತ್ತು. ತಲೆ ಮತ್ತು ಕೊಂಬನ್ನು ವೆಂಡಲ್ ಹೊತ್ತ, ಇಳಿಜಾರಿನಲ್ಲಿ ಹಿಮ್ಮುಖವಾಗಿ ಕೈಯೂರಿ ಇಳಿಯಬೇಕಾದ ಕಡೆಗಳಲ್ಲೂ ಅವಳ ಕೈಗೆ ಕೊಡಲಿಲ್ಲ. ಎರಡನೇ ದಿನ ಮಧ್ಯಾಹ್ನ ಹಳ್ಳದ ಬಳಿ ಕುಳಿತಾಗ, ತನ್ನ ಮೇಲೆ ಕರುಣೆ ತೋರಿಸುವ ಅಗತ್ಯವಿಲ್ಲ, ತನಗೆ ಅವಳು ಈಗಲೂ ಇಷ್ಟವಾಗುವುದಿಲ್ಲ ಎಂದ. ತನಗೂ ಹಾಗೆಯೇ ಎಂದು ಅವಳು ಹೇಳಿ ಒಣ ಮೀನಿನ ಪೊಟ್ಟಣ ಮುಂದಿಟ್ಟಳು. ಅವನು ಒಂದು ತುಂಡು ತೆಗೆದುಕೊಂಡ.

ವನ್ಯಜೀವಿ ಕಚೇರಿಯಲ್ಲಿ ತಪಾಸಣೆಗೆ ಇದ್ದದ್ದು ನಡುವಯಸ್ಸಿನ ಒಬ್ಬ ಹೆಂಗಸು. ವೆಂಡಲ್ ಕೊಂಬುಗಳನ್ನು ಮೇಜಿನ ಮೇಲಿಟ್ಟು, ಅವಳು ಕೇಳುವ ಮೊದಲೇ, ಏಳು ವರ್ಷದ್ದು, ತಪ್ಪು ಟಗರು ಹೊಡೆದಿದ್ದೇನೆ ಎಂದ. ಅವಳು ಗೆರೆಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಎಣಿಸಿದಳು. ಏಳು. ಎಡಗೊಂಬಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಇದೇನು ಎಂದು ಅವಳು ಕೇಳಿದ್ದು ಅರ್ಲೀನ್‌ಳನ್ನು.

ಅರ್ಲೀನ್ ಬಾಯಿ ತೆರೆಯುವ ಮೊದಲೇ ವೆಂಡಲ್ ಹೇಳಿದ: "ಅವಳನ್ನ ಕೇಳಬೇಡಿ. ಕಲ್ಲಿನ ಏಟು ಅದು. ಹೊಡೆದಿದ್ದು ನಾನು."

ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟರು. ಅರ್ಲೀನ್‌ಳ ಹೇಳಿಕೆ ಒಂದು ಪುಟ ತುಂಬಿತು. ಗುಂಡು ಹಾರುವ ಹಿಂದಿನ ಸಂಜೆ ತಾನು ಎಂಟು ಎಂದಿದ್ದೂ ಅದರಲ್ಲಿತ್ತು. ವೆಂಡಲ್ ಬರೆದದ್ದು ನಾಲ್ಕು ಸಾಲು. ಮೊದಲ ಸಾಲಿನಲ್ಲೇ, ಗುಂಡು ಹಾರಿಸುವ ಮೊದಲು ಅವಳು ಬೇಡ ಎಂದಳು, ಒಂದಕ್ಕಿಂತ ಹೆಚ್ಚು ಸಲ ಎಂದಳು, ನಾನು ಕೇಳಲಿಲ್ಲ ಎಂದಿತ್ತು.

ಕೊಂಬುಗಳನ್ನು ಕಚೇರಿಯವರು ಇಟ್ಟುಕೊಂಡರು. ಮಾಂಸವನ್ನು ಊರಿನ ಹಿರಿಯರ ಊಟದ ಮನೆಗೆ ಕಳಿಸಿದರು. ವೆಂಡಲ್ ದಂಡ ಕಟ್ಟಿ ಗುರುವಾರದ ವಿಮಾನದಲ್ಲಿ ನೆಬ್ರಾಸ್ಕಾಕ್ಕೆ ಹೋದ. ಅರ್ಲೀನ್‌ಳಿಗೆ ಲಿಖಿತ ಎಚ್ಚರಿಕೆ ಬಂತು, ಪರವಾನಗಿ ಉಳಿಯಿತು. ಸೆಪ್ಟೆಂಬರ್ ಹನ್ನೊಂದರ ಬೆಳಿಗ್ಗೆ ಅವಳು ಮನೆಯಿಂದ ಆರು ಮೈಲಿ ದೂರದ ಕೆರೆಯ ಬಳಿ ಒಂದು ಮೂಸ್ ಹೊಡೆದಳು.