ಸೊಸೆಗೆ ಕೊಟ್ಟ ಗುಳಿಗೆ

ಹೊಸಪೇಟೆಯ ಚರ್ಮದ ಡಾಕ್ಟರ ಮುಂದೆ ವಿರುಪಮ್ಮ ಈ ವರ್ಷ ಆರನೇ ಸಲ ಕೂತಿದ್ದಳು. ಹದಿನೆಂಟು ವರ್ಷದ ಸೋರಿಯಾಸಿಸ್. ಮುಲಾಮು ಹಚ್ಚಿ ಹಚ್ಚಿ ಬೆರಳು ಸವೆದವೇ ಹೊರತು ಮೊಣಕೈ ಮೇಲಿನ ಬಿಳಿ ಹೊಪ್ಪಳಿಕೆ ಸವೆಯಲಿಲ್ಲ. ಎ ಜೀವಸತ್ವದ ಜಾತಿಯದೆನ್ನುವ ಈ ಗುಳಿಗೆ ನುಂಗತೊಡಗಿದ ಮೇಲೆಯೇ ಮೈಯ ಉರಿ ತಣ್ಣಗಾದದ್ದು. ತುಟಿ ಒಡೆದು ಖಾರ ತಿನ್ನಲಾರದಂತಾಯಿತು, ಆ ಮಾತು ಬೇರೆ.

ಮೊದಲ ದಿನವೇ ಡಾಕ್ಟರು ಬಿಡಿಸಿ ಹೇಳಿದ್ದರು: "ನಿಮ್ಮ ಮೈ ಕಾಯೋ ಕಣಗಳೇ ನಿಮ್ಮ ಚರ್ಮದ ಮ್ಯಾಲೆ ಜಗಳಕ್ಕ ನಿಂತಾವ್ರಿ. ಬಡದಾಡೋವು ಭಾಳ, ಬಿಡಿಸೋವು ಕಮ್ಮಿ. ಈ ಗುಳಿಗಿ ಬಡದಾಡೋವನ್ನ ತಗ್ಗಿಸಿ, ಬಿಡಿಸೋವನ್ನ ಹೆಚ್ಚು ಮಾಡ್ತೈತಿ. ಮೂರು ತಿಂಗಳು ತಾಳ್ರಿ. ಮತ್ತ, ಇದನ್ನ ಯಾರಿಗೂ ಕೊಡಬ್ಯಾಡ್ರಿ."

ಯಾರಿಗೂ ಕೊಡಬೇಡಿ ಎಂದು ಯಾವ ಡಾಕ್ಟರು ತಾನೇ ಹೇಳುವುದಿಲ್ಲ? ಅವಳ ಊರು ಮಲಪನಗುಡಿಯಲ್ಲಿ ಒಬ್ಬರ ಜ್ವರದ ಗುಳಿಗೆ ನಾಲ್ಕು ಮನೆ ತಿರುಗುತ್ತದೆ. ಸೊಸೆ ಹೇಮಾವತಿಯ ಅಂಗೈಯಲ್ಲೂ ಅದೇ ಹೊಪ್ಪಳಿಕೆ ಎದ್ದು, ರೊಟ್ಟಿ ತಟ್ಟುವಾಗ ಹಿಟ್ಟಿಗೆ ರಕ್ತ ಹತ್ತಿತು. ವಿರುಪಮ್ಮನ ಕರುಳು ಚುರುಕ್ಕೆಂದಿತು. ಅಂದಿನಿಂದ ದಿನಾ ಊಟ ಮುಗಿಯುತ್ತಲೇ ತನಗೊಂದು, ಸೊಸೆಗೊಂದು. ಹಾಗಂತ ಅವಳು ಬಲು ಒಳ್ಳೆಯ ಅತ್ತೆ ಎಂದುಕೊಳ್ಳಬೇಡಿ. ಹೇಮಾವತಿ ಮನೆ ತುಂಬಿ ನಾಲ್ಕು ವರ್ಷ; ತೊಟ್ಟಿಲು ಕಟ್ಟುವುದು ಯಾವಾಗ ಎಂದು ಊರಿನವರೆಲ್ಲರಿಗಿಂತ ಹೆಚ್ಚು ಚುಚ್ಚಿದವಳು ಇವಳೇ.

"ಎರಡು ತಿಂಗಳ ಗುಳಿಗಿ ಒಂದ ತಿಂಗಳಿಗೆ ಹೆಂಗ ಮುಗಿದ್ವು?" ಎಂದು ಈಗ ಡಾಕ್ಟರು ಕೇಳಿದರು. ವಿರುಪಮ್ಮ ಇದ್ದದ್ದು ಇದ್ದಂತೆ ಹೇಳಿದಳು. ಅವರು ಪೆನ್ನು ಕೆಳಗಿಟ್ಟರು.

"ಸೊಸಿ ಬಸುರೇನು?"

"ಇಲ್ರಿ. ನಿನ್ನೆ ಹೊರಗಾಗ್ಯಾಳ."

"ಅಷ್ಟರ ಮಟ್ಟಿಗೆ ಪುಣ್ಯ. ಇದು ಹೊಟ್ಟ್ಯಾಗಿನ ಕೂಸಿನ ಅಂಗಾಂಗ ಕೆಡಸ್ತೈತಿ. ಬಿಟ್ಟ ಮ್ಯಾಲೂ ಮೈಯಾಗ ಉಳಿತೈತಿ. ಇವತ್ತೇ ನಿಲ್ಲಸ್ರಿ. ಇನ್ನ ಮೂರು ವರ್ಷ ಆಕಿ ಬಸುರಾಗಬಾರದು. ನಾಳೆ ಕರ್ಕೊಂಡು ಬರ್ರಿ."

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ವಿರುಪಮ್ಮ ನಿಂತೇ ಬಂದಳು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದು ತನಗೆ ತಾನೇ ಛೀಮಾರಿ ಹಾಕಿಕೊಂಡಳು. ದುಃಖ ಬಂತು, ಆದರೆ ಅಳುವುದಕ್ಕೂ ತ್ರಾಣ ಬೇಕಲ್ಲ.

ಹೇಮಾವತಿ ಹಿತ್ತಲ ಕಟ್ಟೆಯ ಹತ್ತಿರ ಬಟ್ಟೆ ಹಿಂಡುತ್ತಿದ್ದಳು. ವಿರುಪಮ್ಮ ಚಪ್ಪಲಿಯನ್ನೂ ಬಿಡದೆ ಎಲ್ಲ ಹೇಳಿ ಮುಗಿಸಿದಳು. "ನನ್ನ ಕೈಯಾರೆ ಕೊಟ್ಟೆನವ್ವ," ಎಂದು ಬೈಗುಳಕ್ಕೆ ತಯಾರಾಗಿ ನಿಂತಳು.

ಹೇಮಾವತಿ ಹಿಂಡಿದ ಸೀರೆಯನ್ನು ಬುಟ್ಟಿಗೆ ಹಾಕಿದಳು.

"ಇನ್ನ ಮೂರು ವರ್ಷ ತೊಟ್ಟಿಲು ಯಾವಾಗ ಅಂತ ನನ್ನ ಯಾರೂ ಕೇಳಂಗಿಲ್ಲೇನ್ರಿ, ಅತ್ತಿ?"

ವಿರುಪಮ್ಮ ಚಪ್ಪಲಿ ಬಿಟ್ಟು ಹತ್ತಿರ ಬಂದಳು. "ಇಲ್ಲವ್ವ. ಕೇಳಿದೋರಿಗೆ ತಪ್ಪು ನಂದು ಅಂತ ನಾನ ಹೇಳ್ತೀನಿ."

ಹೇಮಾವತಿ ನಾಲ್ಕು ವರ್ಷದಲ್ಲಿ ಮೊದಲ ಸಲ ಅತ್ತೆಯ ಎದುರಿಗೇ ಕಟ್ಟೆಯ ಮೇಲೆ ಕೂತು, ಗೋಡೆಗೆ ಒರಗಿ ಹಗುರಾಗಿ ಕಣ್ಣು ಮುಚ್ಚಿದಳು.