ಬಳೆ ತೊಡಿಸುವ ಕೈ

ಗಂಗಾವತಿ ಬಜಾರಿನ ಮೂಲೆಯಲ್ಲಿ ರಜಿಯಾಬೇಗಂ ಬಳೆ ಅಂಗಡಿ ಇಟ್ಟು ಇಪ್ಪತ್ತು ವರ್ಷ. ಅಂದು ನವಲಿಯ ಫಕೀರಮ್ಮ ಬಂದು ಚಾಪೆಯ ಮೇಲೆ ಕೂತಳು. ಚೀಲದಿಂದ ತೆಗೆದದ್ದು ಊರಲ್ಲಿ ಹೊಸದಾಗಿ ತೆರೆದ ಮಾರ್ಟಿನ ಬಳೆ ಡಬ್ಬಿ.

"ಕೈಗೆ ಏರವಲ್ಲವು. ವಾಪಸ್ ಕೊಡಾಕ ಹೊಂಟಿದ್ದೆ. ನಿನ್ನ ಹತ್ರ ತಗೊಳ್ಳಿಲ್ಲಂತ ಸಿಟ್ಟಾಗಬ್ಯಾಡ ಬೇ ರಜಿಯಾ, ಒಮ್ಮೆ ನೋಡು."

"ಸಿಟ್ಟು ಮಾಡಿದ್ರ ಬಳಿ ಏರತಾವೇನು? ಕೈ ಚಾಚು ಯಕ್ಕಾ."

ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣು ಒತ್ತಿ ಹಿಡಿದು, ಬಲಗೈಗೆ ಒಂದೊಂದಾಗಿ ಏರಿಸಿದಳು. ಒಂದೂ ಒಡೆಯಲಿಲ್ಲ.

ಅಷ್ಟರಲ್ಲಿ ಮಗಳು ಖುಷ್ಬು ಊಟದ ಬಿಡುವಿನಲ್ಲಿ ಬಂದಳು. ಅದೇ ಮಾರ್ಟಿನ ಬಳೆ ವಿಭಾಗದಲ್ಲಿ ಅವಳಿಗೆ ಕೆಲಸ. ಮುಖ ಸಣ್ಣದಾಗಿತ್ತು.

"ಅಮ್ಮೀ, ಹತ್ತು ಡಬ್ಬಿ ಹೋದ್ರ ಆರು ವಾಪಸ್ ಬರತಾವ. ಹಿಂಗಾದ್ರ ಮುಂದಿನ ತಿಂಗಳು ಬಳಿ ವಿಭಾಗ ಮುಚ್ಚತಾರಂತ. ನನ್ನೂ ಬಿಡಸ್ತಾರ."

ರಜಿಯಾಳ ಕೈ ನಿಂತಿತು. ಆಷಾಢದಲ್ಲಿ ನೊಣ ಹೊಡೆಯುವುದು, ಶ್ರಾವಣದಲ್ಲಿ ಉಸಿರಾಡಲೂ ಬಿಡುವಿಲ್ಲದಿರುವುದು. ಅವಳ ಮನೆ ನಡೆದು ಬಂದದ್ದೇ ಹೀಗೆ. ಹಬ್ಬವಿರಲಿ ಇಲ್ಲದಿರಲಿ, ತಿಂಗಳಿಗೊಮ್ಮೆ ತಪ್ಪದೆ ಬರುವ ಸಂಬಳವನ್ನು ಆ ಮನೆಗೆ ಮೊದಲು ತಂದವಳು ಖುಷ್ಬು.

"ಅಳತಿ ನೋಡಿ ಕೊಡತೀಯೇನು?"

"ಡಬ್ಬಿ ಮ್ಯಾಲ ನಂಬರ್ ಐತಲ್ಲ ಅಮ್ಮೀ."

"ಡಬ್ಬಿ ಮ್ಯಾಲ ಐತಿ. ಕೈ ಮ್ಯಾಲ ಬರದೈತೇನು? ಕೂಡು, ಯಕ್ಕನ ಎಡಗೈ ಹಿಡಿ."

ಫಕೀರಮ್ಮ ಕಣ್ಣರಳಿಸಿದಳು. "ಅಲ್ಲಬೇ, ಮಾರ್ಟಿನ್ಯಾಗ ತೊಡಿಸಾಕ ಹತ್ತಿದ್ರ ನಿನ್ನ ಕಡಿ ಯಾರು ಬರತಾರ? ನಿನ್ನ ಅಂಗಡಿಗೆ ನೀನ ಕೀಲಿ ಹಾಕ್ತೀಯಲ್ಲ!"

ಅದು ರಜಿಯಾಳಿಗೂ ಹೊಳೆದಿತ್ತು. ಆದರೂ ಮಗಳ ಬೆರಳು ಹಿಡಿದು, ಎಲ್ಲಿ ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಎಂದು ತೋರಿಸಿದಳು. ಖುಷ್ಬುವಿನ ಕೈಯಲ್ಲಿ ಎರಡು ಬಳೆ ಒಡೆದವು. ರಜಿಯಾ ತನ್ನ ಅಂಗಡಿಯ ಎರಡು ಬಳೆ ತೆಗೆದು ಫಕೀರಮ್ಮನ ಕೈ ತುಂಬಿಸಿದಳು.

"ಅಲ್ಲಿ ಒಡದ್ರ ನನ್ನ ಸಂಬಳದಾಗ ಹಿಡೀತಾರ ಅಮ್ಮೀ!"

ರಜಿಯಾ ಸೆರಗು ಸರಿಮಾಡಿಕೊಂಡು ಮಗಳ ಜೊತೆಗೇ ಮಾರ್ಟಿಗೆ ನಡೆದಳು. ಮ್ಯಾನೇಜರ್ ಶರಣಬಸವನ ಮುಂದೆ ನಿಂತು ಹೇಳಿದಳು:

"ನಿಮ್ಮ ಡಬ್ಬಿ ವಾಪಸ್ ಬರದಂಗ ನನ್ನ ಮಗಳು ತೊಡಿಸ್ತಾಳ. ಆದ್ರ ತೊಡಿಸುವಾಗ ಒಡೆದ ಬಳಿ ಅಂಗಡಿಯವ್ರ ಲುಕ್ಸಾನು. ನಮ್ಮ ಕಸಬಿನಾಗ ಅದ ಕಾನೂನು."

"ಕಂಪನಿ ರೂಲ್ ಬ್ಯಾರೆ ಐತ್ರಿ ಅಮ್ಮಾ."

"ಎರಡು ಬಳಿ ಹೋದ್ರ ಹತ್ತು ರೂಪಾಯಿ. ಡಬ್ಬಿನ ವಾಪಸ್ ಬಂದ್ರ? ನೀವ ಲೆಕ್ಕಾ ಮಾಡ್ರಿ ಸಾಹೇಬ್ರ, ನಾ ಓದಿದಾಕಿ ಅಲ್ಲ."

ಶರಣಬಸವ ತಲೆ ಕೆರೆದುಕೊಂಡ. "ಆತು, ಒಂದು ತಿಂಗಳು ನೋಡೂಣ್ರಿ."

"ಮತ್ತ ಎರಡು ಸ್ಟೂಲ್ ಹಾಕಸ್ರಿ. ನಿಂತು ತೊಡಸಾಕ ಬರಂಗಿಲ್ಲ."

ತಿಂಗಳು ಕಳೆಯಿತು. ವಿಭಾಗ ಮುಚ್ಚಲಿಲ್ಲ. ಇತ್ತ, ಅಂಜನಾದ್ರಿ ಬೆಟ್ಟದ ಗುಡಿಗೆ ಜನ ಕಿಕ್ಕಿರಿಯುವ ಶನಿವಾರವೂ ರಜಿಯಾಳ ಚಾಪೆ ಖಾಲಿ ಉಳಿಯತೊಡಗಿತು. ಒಂದು ಮಧ್ಯಾಹ್ನ ಫಕೀರಮ್ಮ ಮತ್ತೆ ಮಾರ್ಟಿನ ಡಬ್ಬಿ ಹಿಡಿದು ಬಂದಳು.

"ಅಲ್ಲಿ ನಿನ್ನ ಮಗಳ ಮುಂದ ಎಂಟು ಮಂದಿ ಅದಾರ ಬೇ. ನೀನ ಲಗೂನ ತೊಡಸು."

ರಜಿಯಾಳ ಕೈ ತಾನಾಗಿ ಮುಂದೆ ಬಂತು. ಆ ಕೈಯಿಂದಲೇ ಡಬ್ಬಿ ತೆಗೆದುಕೊಂಡು, ಫಕೀರಮ್ಮನ ಚೀಲದೊಳಗೆ ತಿರುಗಿ ಇಟ್ಟಳು.

"ಹೋಗಿ ಒಂಬತ್ತನೆಯಾಕಿ ಆಗು ಯಕ್ಕಾ. ನನ್ನ ಮಗಳ ಮುಂದ ಎಷ್ಟು ಮಂದಿ ಅಂತ ಮ್ಯಾನೇಜರ್ ಸಾಹೇಬ್ರು ಎಣಸ್ತಿರತಾರ."